ದೊಡ್ಡವ್ವನ ಆರುನೂರ ಹದಿಮೂರು ರೂಪಾಯಿ

"ಆರು ದಿನ ಮಣ್ಣು ಹೊತ್ತಿವ್ನಿ. ದಿನಕ್ಕೆ ಮುನ್ನೂರ ನಲವತ್ತೊಂಬತ್ತು. ನಂಗೆ ಓದಕ್ಕೆ ಬರಕಿಲ್ಲ, ಲೆಕ್ಕ ಬತ್ತದೆ. ಮಿಕ್ಕಿದ್ ದುಡ್ಡು ಎಲ್ಲೋಯ್ತು?"

2024ರ ಮೇ ತಿಂಗಳ ಒಂದು ಸಂಜೆ ದೊಡ್ಡವ್ವ ಜಗುಲಿ ಮೇಲೆ ಕೂತು ಕೇಳಿದ ಮಾತಿದು. ನರೇಗಾ ಕೂಲಿ 2,094 ರೂಪಾಯಿ ಬರಬೇಕಿತ್ತು. ಖಾತೆ ಬರಿದು ಮಾಡಿ ಅವಳ ಕೈಗೆ ಕೊಟ್ಟದ್ದು 2,048. ನಾವು ಕೇರಿಯ ನಾಲ್ಕು ಜನ ಓದಿದವರು. ಒಬ್ಬ ಮೇಷ್ಟ್ರು, ಒಬ್ಬಳು ಬಿ.ಎ. ಹುಡುಗಿ, ಇಬ್ಬರು ಡಿಗ್ರಿ ಮುಗಿಸಿ ಕೆಲಸವಿಲ್ಲದವರು. ನಮ್ಮ ಹತ್ತಿರ ಉತ್ತರವಿರಲಿಲ್ಲ. ನಾಚಿಕೆಯಾಯಿತು.

ಮಾರನೆ ದಿನ ಪಾಸ್‌ಬುಕ್ ಹಾಕಿಸಿದೆವು. ಎರಡು ವರ್ಷದಿಂದ ಅದಕ್ಕೆ ಮಸಿ ಬಿದ್ದಿರಲಿಲ್ಲ. ಮಾರ್ಚ್ 31ಕ್ಕೆ ಖಾತೆಯಲ್ಲಿ ಇದ್ದದ್ದು 31 ರೂಪಾಯಿ. ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ಅವತ್ತೇ 59 ಮುರಿದಿದ್ದಾರೆ. ಎಸ್ಸೆಮ್ಮೆಸ್ ಕಳಿಸಿದ್ದಕ್ಕೆಂದು 17 ರೂಪಾಯಿ 70 ಪೈಸೆ. ಖಾತೆ ಸೊನ್ನೆಗಿಂತ ಕೆಳಗೆ ಇಳಿದು, 45 ರೂಪಾಯಿ 70 ಪೈಸೆ ಸಾಲವಾಗಿದೆ. ದೊಡ್ಡವ್ವ ಕೇಳದ ಸಾಲ! ಮೇ ತಿಂಗಳಲ್ಲಿ ಕೂಲಿ ಬಿದ್ದ ಕೂಡಲೆ ಬ್ಯಾಂಕು ಮೊದಲು ತನ್ನ ಪಾಲು ನುಂಗಿದೆ.

ಮ್ಯಾನೇಜರನ್ನು ಕೇಳಿದೆವು. "ಅದೆಲ್ಲ ಸಿಸ್ಟಮ್ ಮಾಡುತ್ತೆ ಕಣ್ರಪ್ಪ, ನಮ್ಮ ಕೈಲೇನಿದೆ?" ಅಂದರು. ಈ ಸಿಸ್ಟಮ್ ಅನ್ನೋನು ಯಾರು? ಎಲ್ಲಿ ಕೂತಿರುತ್ತಾನೆ? ನಮ್ಮ ತಾತಂದಿರು ಸಾಹುಕಾರನ ಪಡಸಾಲೆಯ ಮುಂದೆ ಕೈಕಟ್ಟಿ ನಿಂತಿದ್ದರು ನಿಜ. ಆದರೆ ಬೈಯಲಿಕ್ಕೆ ಅವರಿಗೊಂದು ಮುಖವಾದರೂ ಇತ್ತು. ನಮಗೆ ಅದೂ ಇಲ್ಲ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ಜನರ ಆಸ್ತಿಯಾದವು ಎಂದು ಮೇಷ್ಟ್ರು ಶಾಲೆಯಲ್ಲಿ ಪಾಠ ಮಾಡುತ್ತಾರೆ. 2019-20ರಿಂದ 2023-24ರವರೆಗಿನ ಐದು ವರ್ಷದಲ್ಲಿ ಸರ್ಕಾರಿ ಬ್ಯಾಂಕುಗಳು ಮಿನಿಮಮ್ ಬ್ಯಾಲೆನ್ಸ್ ದಂಡವೆಂದು ಎತ್ತಿದ್ದು ಸುಮಾರು 8,500 ಕೋಟಿ ರೂಪಾಯಿ. ಇದು ಲೋಕಸಭೆಯಲ್ಲೇ ಸರ್ಕಾರ ಕೊಟ್ಟ ಲೆಕ್ಕ. ದುಡ್ಡು ಇದ್ದವನಿಗೆ ಈ ದಂಡ ಬೀಳುವುದಿಲ್ಲ. ಇಲ್ಲದ್ದಕ್ಕೇ ದಂಡ.

ರಾತ್ರಿ ಅಂಬೇಡ್ಕರ್ ಭವನದಲ್ಲಿ ಕೂತೆವು. ನಮ್ಮಲ್ಲೊಬ್ಬ ಅಂದ: "ಬಾಬಾಸಾಹೇಬರು 1923ರಲ್ಲೇ ರೂಪಾಯಿಯ ಸಮಸ್ಯೆ ಮೇಲೆ ಒಂದು ಪುಸ್ತಕ ಬರದ್ರು. ನಮ್ಗೆ ಒಂದು ಪಾಸ್‌ಬುಕ್ ಓದಕ್ಕಾಗಿಲ್ವಲ್ಲೋ!" ಅವತ್ತಿನಿಂದ ಓದಲು ಕೂತೆವು.

ರಿಸರ್ವ್ ಬ್ಯಾಂಕಿನ ಸುತ್ತೋಲೆಗಳು ಸಿಕ್ಕವು. 2012ರ ಆಗಸ್ಟ್‌ನದು ಹೇಳುತ್ತದೆ: ಮೂಲ ಉಳಿತಾಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಎಂಬುದೇ ಇಲ್ಲ. 2013ರ ನವೆಂಬರ್‌ನದು: ಎಸ್ಸೆಮ್ಮೆಸ್ ಶುಲ್ಕ ನಿಜವಾಗಿ ಬಳಸಿದಷ್ಟಕ್ಕೇ ಇರಬೇಕು. 2014ರ ನವೆಂಬರ್‌ನಲ್ಲಿ ಬಂದು 2015ರ ಏಪ್ರಿಲ್ 1ರಿಂದ ಜಾರಿಯಾದದ್ದು ಇನ್ನೂ ಗಟ್ಟಿ. ಮಾಮೂಲಿ ಉಳಿತಾಯ ಖಾತೆಯೇ ಆಗಿರಲಿ, ದಂಡ ಹಾಕುವ ಮುಂಚೆ ಗಿರಾಕಿಗೆ ತಿಳಿಸಬೇಕು, ದುಡ್ಡು ತುಂಬಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಎಷ್ಟು ಕೊರೆಯೋ ಅದಕ್ಕೆ ತಕ್ಕಷ್ಟೇ ದಂಡ. ಈ ದಂಡ ಒಂದರಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗಕೂಡದು.

ಪಾಸ್‌ಬುಕ್ಕಿನ ಮಾರ್ಚ್ 31ರ ಸಾಲೇ ನಮ್ಮ ಸಾಕ್ಷಿಯಾಯಿತು. 31ರಲ್ಲಿ 59 ಕಳೆದರೆ ಸೊನ್ನೆಗಿಂತ 28 ಕೆಳಗೆ. ಇದಕ್ಕೆ ಲಾಯರೇ ಬೇಕಿಲ್ಲ, ಮೂರನೆ ಕ್ಲಾಸಿನ ಹುಡುಗ ಸಾಕು. ಎಸ್ಸೆಮ್ಮೆಸ್ ಹೋಗುತ್ತಿದ್ದದ್ದು ಮೊಮ್ಮಗನ ಹಳೆ ನಂಬರಿಗೆ. ಆ ಸಿಮ್ಮು ಸತ್ತು ಮೂರು ವರ್ಷವಾಗಿತ್ತು. ದೊಡ್ಡವ್ವನ ಹತ್ತಿರ ಫೋನೇ ಇಲ್ಲ.

ಪಟ್ಟಿ ಮಾಡಿದೆವು. ತಾರೀಕು, ಮೊತ್ತ, ಕಾರಣ, ಯಾವ ಸುತ್ತೋಲೆಗೆ ವಿರುದ್ಧ, ಹೀಗೆ ನಾಲ್ಕು ಕಲಮು. 2022ರ ಸೆಪ್ಟೆಂಬರ್ 30ರಿಂದ 2024ರ ಜೂನ್ 30ರವರೆಗೆ ಎಂಟು ಸಲ ಮುರಿದಿದ್ದಾರೆ. 59 ಎಂಟು ಸಲ, 472. 17.70 ಎಂಟು ಸಲ, 141.60. ಒಟ್ಟು 613 ರೂಪಾಯಿ 60 ಪೈಸೆ. ಎರಡು ದಿನದ ಕೂಲಿಗೆ ಸ್ವಲ್ಪ ಕಮ್ಮಿ.

ನಮ್ಮೊಳಗೇ ಜಗಳ ಬಿತ್ತು. "ಆರ್ನೂರು ರೂಪಾಯಿಗೆ ಜಿಲ್ಲೆಗೆ ಅಲೀಬೇಕಾ? ಬಸ್ ಚಾರ್ಜಿಗೇ ಸರಿಹೋಯ್ತದೆ." ದೊಡ್ಡವ್ವ ನಕ್ಕಳು: "ನಂಗೆ ಬಸ್ಸು ಫ್ರೀ ಕಣ್ರಪ್ಪ. ನಿಮ್ ಚಾರ್ಜು ನೀವ್ ನೋಡ್ಕಳಿ." ಆದರೆ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಅವಳ ಕೈ ನಡುಗಿತು. ಮಹಿಳಾ ಸಂಘದ ಸಾಲ ಅದೇ ಬ್ಯಾಂಕಿನಲ್ಲಿತ್ತು. "ನನ್ನಿಂದ ಮಿಕ್ಕ ಹೆಂಗಸ್ರಿಗೆ ಸಾಲ ನಿಲ್ಸಿದ್ರೆ?" ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಸಂಘದ ಹೆಂಗಸರನ್ನೇ ಕರೆದು ಕೇಳಿದೆವು. ಮಾರನೆ ಸಂಜೆ ಅವರು ಮಡಿಲಲ್ಲಿ ಪಾಸ್‌ಬುಕ್ಕುಗಳನ್ನೇ ತುಂಬಿಕೊಂಡು ಬಂದರು. ಹದಿನಾಲ್ಕು ಪಾಸ್‌ಬುಕ್ಕು. ಒಂಬತ್ತರಲ್ಲಿ ಅದೇ ರೋಗ. ದೊಡ್ಡವ್ವ ಒತ್ತಿದಳು.

2024ರ ಆಗಸ್ಟ್ 5ರಂದು ಬ್ಯಾಂಕಿಗೆ ಒಂಬತ್ತು ಅರ್ಜಿ ಕೊಟ್ಟೆವು. ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಲಿಲ್ಲ. ಮೂವತ್ತು ದಿನ ಕಾದೆವು. ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ಇಲ್ಲವೇ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯಿದೆಯ ಕೆಳಗೆ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗೆ ಶುಲ್ಕವಿಲ್ಲ, ಲಾಯರ್ ಕಡ್ಡಾಯವಲ್ಲ. ಆದರೆ ಎರಡು ವರ್ಷದೊಳಗೆ ಕೊಡಬೇಕು. ಮೊದಲ ಮುರಿತಕ್ಕೆ ಸೆಪ್ಟೆಂಬರ್ 30ಕ್ಕೆ ಎರಡು ವರ್ಷ ತುಂಬುತ್ತಿತ್ತು. ಸಿಸ್ಟಮ್ಮಿಗೆ ಅವಸರವಿಲ್ಲ, ತಡವಾದಷ್ಟೂ ಅದಕ್ಕೇ ಲಾಭ.

ಬ್ಯಾಂಕಿನ ಉತ್ತರ ಒಂದೇ ಸಾಲು: "ಇದು ಮೂಲ ಖಾತೆಯಲ್ಲ, ಸಾಮಾನ್ಯ ಖಾತೆಗೆ ಬದಲಾಗಿದೆ." ಯಾರು ಬದಲಿಸಿದರು? ದೊಡ್ಡವ್ವ ಹೆಬ್ಬೆಟ್ಟು ಒತ್ತಿದ ಕಾಗದ ತೋರಿಸಿ ಎಂದು ದೂರಿನಲ್ಲೇ ಬರೆದೆವು. ದೂರು, ಅಫಿಡವಿಟ್ಟು, ಪಟ್ಟಿ, ಪಾಸ್‌ಬುಕ್ ಜೆರಾಕ್ಸು, ಸುತ್ತೋಲೆ, ಮೊಹರಿನ ನಕಲು ಎಲ್ಲವನ್ನೂ ಟ್ಯಾಗು ಹಾಕಿ ಕಟ್ಟಿ, ಸೆಪ್ಟೆಂಬರ್ 23ರ ಸೋಮವಾರ ಆಯೋಗಕ್ಕೆ ಕೊಟ್ಟೆವು.

ನೋಟೀಸು ಹೋದ ಮೇಲೆ ಮ್ಯಾನೇಜರೇ ಕೇರಿಗೆ ಬಂದರು. "ಅಜ್ಜಿ ದುಡ್ಡು ವಾಪಸ್ ಹಾಕ್ತೀವಿ, ದೂರು ತಗೊಂಬಿಡಿ." ದೊಡ್ಡವ್ವ ಕೇಳಿದ್ದು ಒಂದೇ: "ಮಿಕ್ಕ ಎಂಟ್ ಜನದ್ದು?" ಅವರು ಸುಮ್ಮನಾದರು. ಅವಳೂ ಸುಮ್ಮನಾದಳು. ದೂರು ಉಳಿಯಿತು.

2025ರ ಮಾರ್ಚ್‌ನಲ್ಲಿ ಐದು ಜನರ ದುಡ್ಡು ಖಾತೆಗೆ ಬಂತು. "ಸದ್ಭಾವನೆಯಿಂದ" ಎಂದು ಬ್ಯಾಂಕು ಬರೆದಿತ್ತು. ನಮ್ಮದನ್ನು ನಮಗೆ ಕೊಡುವುದು ಸದ್ಭಾವನೆಯೇ? ತಪ್ಪಿಲ್ಲವೆಂಬ ಕಾಗದಕ್ಕೆ ನಾವು ಸಹಿ ಹಾಕಲಿಲ್ಲ. ಉಳಿದ ನಾಲ್ಕು ಫೈಲು ಇನ್ನೂ ನಡೆಯುತ್ತಿವೆ.

ಗೆಳೆಯರೆ, ನಿಮ್ಮ ಕೇರಿಯಲ್ಲೂ ಗೋಡೆಗೂಡಿನಲ್ಲಿ, ಅಕ್ಕಿ ಡಬ್ಬದಲ್ಲಿ ಪಾಸ್‌ಬುಕ್ಕುಗಳು ಮಲಗಿವೆ. ಒಂದು ಭಾನುವಾರ ಅವನ್ನು ಎಬ್ಬಿಸಿ. ಸಾಲು ಸಾಲಾಗಿ ಗಟ್ಟಿಯಾಗಿ ಓದಿ ಹೇಳಿ. ಲೆಕ್ಕ ನೀವು ಹೇಳಿಕೊಡಬೇಕಾಗಿಲ್ಲ, ಅದು ಅವರಿಗೆ ಗೊತ್ತಿದೆ.