ಫ್ಲಾರೆನ್ಸ್ ನಗರದಲ್ಲಿ ನಾಲ್ಕು ದಿನ

ಇಟಲಿ ದೇಶದ ಫ್ಲಾರೆನ್ಸ್ ನಗರವನ್ನು ನಾವು ನೋಡಿಬಂದ ಸುದ್ದಿ ತಿಳಿದಂದಿನಿಂದ ಬಂಧುಮಿತ್ರರಲ್ಲಿ ಹಲವರು ಕೇಳುತ್ತಿರುವ ಪ್ರಶ್ನೆ ಒಂದೇ: ಮಕ್ಕಳು ಯುರೋಪಿನಲ್ಲಿದ್ದಾರೆ, ನಾವೂ ಹೋಗಬೇಕೆಂದಿದ್ದೇವೆ, ಅಲ್ಲಿ ಏನೇನು ನೋಡಬೇಕು? ಏನನ್ನು ನೋಡಬೇಕೆಂಬುದನ್ನು ಯಾವ ಕೈಪಿಡಿಯಾದರೂ ಹೇಳೀತು. ಯಾವುದನ್ನು ಬಿಡಬೇಕೆಂಬುದೇ ಅಲ್ಲಿಗೆ ಹೋಗುವವರ ನಿಜವಾದ ತೊಡಕು. ಆ ತೊಡಕಿನಲ್ಲಿ ನಾವು ಮಾಡಿದ ತಪ್ಪನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

2024ರ ಅಕ್ಟೋಬರಿನಲ್ಲಿ ಜರ್ಮನಿಯಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಈ ಪ್ರವಾಸದ ಅವಕಾಶ ಒದಗಿತು. ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ಊರಿನಲ್ಲಿ ಕುಳಿತು ಪಟ್ಟಿಯೊಂದನ್ನು ಬರೆದೆವು. ದೇವಾಲಯ, ಅರಮನೆ, ಚಿತ್ರಶಾಲೆ, ಉದ್ಯಾನ ಎಲ್ಲ ಸೇರಿ ಇಪ್ಪತ್ತೇಳು ಹೆಸರುಗಳಾದವು. ನಮ್ಮ ಧರ್ಮಪತ್ನಿ ಅದನ್ನು ಓದಿ, ಕೊನೆಯಲ್ಲಿ ತಾವೇ ಒಂದು ಸಾಲು ಸೇರಿಸಿದರು: 'ಕೊಲ್ಲಾಪುರದ ಮಹಾರಾಜರ ಸ್ಮಾರಕ'. ಅವರ ತವರುಮನೆ ನಿಪ್ಪಾಣಿಯ ಕಡೆ; ದೂರ ದೇಶದಲ್ಲಿ ತೀರಿಕೊಂಡ ಆ ತರುಣ ಅರಸನ ಕಥೆಯನ್ನು ಚಿಕ್ಕಂದಿನಲ್ಲಿ ತಂದೆಯಿಂದ ಕೇಳಿದ್ದರಂತೆ. ಅದು ಊರ ಹೊರಗಿದೆ, ಕಲೆಯ ದೃಷ್ಟಿಯಿಂದ ಅಷ್ಟು ಮಹತ್ವದ್ದಲ್ಲ ಎಂದು ನಾವು ಆ ಸಾಲನ್ನು ಹೊಡೆದುಹಾಕಿದೆವು. ಅವರು ಏನೂ ಅನ್ನಲಿಲ್ಲ.

ಒಂದು ಊರಿನಲ್ಲಿ ಇಷ್ಟೊಂದು ಕಲಾಸಂಪತ್ತು ಹೇಗೆ ಉಳಿಯಿತೆಂಬುದನ್ನು ಮೊದಲು ತಿಳಿಯಬೇಕು. ಮೆದಿಚಿ ಎಂಬ ಸಾಹುಕಾರ ಮನೆತನ ತಲೆತಲಾಂತರದಿಂದ ಶಿಲ್ಪಿಗಳನ್ನೂ ಚಿತ್ರಕಾರರನ್ನೂ ಪೋಷಿಸಿ, ಮುಂದೆ ಆ ಪ್ರಾಂತದ ಅರಸೊತ್ತಿಗೆಯನ್ನೇ ಪಡೆಯಿತು. ಅದರ ಕೊನೆಯ ಕುಡಿ ಆನ್ನಾ ಮರಿಯಾ ಲೂಯಿಸಾ. ಮಕ್ಕಳಿಲ್ಲದ ಆಕೆ 1737ರಲ್ಲಿ ಹೊಸ ಅರಸರೊಡನೆ ಕರಾರು ಮಾಡಿಕೊಂಡಳು: ಮನೆತನದ ಸಂಗ್ರಹದಲ್ಲಿರುವ ಕಲಾಕೃತಿಗಳೆಲ್ಲ ನಾಡಿಗೆ ಸೇರುವುವು, ಅವುಗಳಲ್ಲಿ ಒಂದನ್ನೂ ರಾಜಧಾನಿಯಿಂದ ಹೊರಕ್ಕೆ ಒಯ್ಯಕೂಡದು. ಪರದೇಶದವರ ಕುತೂಹಲವನ್ನು ಸೆಳೆಯುವುದೂ ಆ ಕರಾರಿನ ಉದ್ದೇಶಗಳಲ್ಲಿ ಒಂದಾಗಿತ್ತು. ಎಷ್ಟೋ ಅರಸು ಮನೆತನಗಳು ಅಳಿದಾಗ ಒಡವೆ ವಸ್ತುಗಳು ದಿಕ್ಕಾಪಾಲಾದುದನ್ನು ಬಲ್ಲ ನಮಗೆ ಆ ಹೆಣ್ಣುಮಗಳ ದೂರದೃಷ್ಟಿ ಬೆರಗು ಹುಟ್ಟಿಸಿತು.

ಇನ್ನು ನಮ್ಮ ತಪ್ಪು. ಗುರುವಾರ ಸಂಜೆ ತಲುಪಿ ಸೋಮವಾರ ಸಂಜೆ ಹೊರಡುವಂತೆ ದಿನ ಗೊತ್ತುಮಾಡಿ, ಊಫಿತ್ಸಿ ಎಂಬ ಜಗತ್ಪ್ರಸಿದ್ಧ ಚಿತ್ರಶಾಲೆಯನ್ನೂ ಪಿತ್ತಿ ಅರಮನೆಯನ್ನೂ ಕೊನೆಯ ದಿನಕ್ಕೆ ಇರಿಸಿಕೊಂಡಿದ್ದೆವು. ಟಿಕೆಟ್ಟು ಕಾಯ್ದಿರಿಸಲು ಕುಳಿತ ಮಗ ನಕ್ಕು, "ಅಪ್ಪಾ, ಸೋಮವಾರ ಅವೆರಡೂ ಬಂದ್ ಇರತಾವ" ಎಂದ. ಮಿಕೆಲಾಂಜೆಲೊನ ದಾವಿದನ ಮೂರ್ತಿಯಿರುವ ಅಕಾದೆಮಿಯಾ ಸಂಗ್ರಹಾಲಯವೂ ಸೋಮವಾರ ಮುಚ್ಚಿರುತ್ತದೆ. ಪ್ರತಿ ತಿಂಗಳ ಮೊದಲ ಭಾನುವಾರ ಸರಕಾರಿ ಸಂಗ್ರಹಾಲಯಗಳಿಗೆ ಪ್ರವೇಶ ಉಚಿತ. ಆದರೆ ಅಂದಿನ ನೂಕುನುಗ್ಗಲು ವಯಸ್ಸಾದವರಿಗೆ ತರವಲ್ಲ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪೂಜೆ. ನೋಡಬಂದವರಿಗೆ ಆಗ ಸಾಮಾನ್ಯವಾಗಿ ಒಳಗೆ ಪ್ರವೇಶವಿಲ್ಲ. ಆದ್ದರಿಂದ ವಾರದ ದಿನಗಳನ್ನು ಮೊದಲು ಬರೆದುಕೊಂಡು, ಬಳಿಕ ಸ್ಥಳಗಳನ್ನು ಅವುಗಳಿಗೆ ಹೊಂದಿಸಬೇಕು. ನಾವು ಮಾಡಿದ್ದು ತಿರುವುಮುರುವು. ಪಟ್ಟಿ ಇಪ್ಪತ್ತೇಳರಿಂದ ಒಂಬತ್ತಕ್ಕೆ ಇಳಿಯಿತು. ಸೋಮವಾರದ ಮಧ್ಯಾಹ್ನ ಬರಿದಾಗಿ ಉಳಿಯಿತು.

ಶುಕ್ರವಾರವನ್ನು ಮಹಾದೇವಾಲಯಕ್ಕೆ ಮೀಸಲಿಟ್ಟೆವು. ಅದರ ಗುಮ್ಮಟವನ್ನು ಬ್ರುನೆಲ್ಲೆಸ್ಕಿ ಎಂಬ ಸ್ಥಪತಿ 1420ರಿಂದ 1436ರವರೆಗೆ, ನೆಲದಿಂದ ಮರದ ಆಸರೆ ನಿಲ್ಲಿಸದೆ, ಇಟ್ಟಿಗೆಗಳನ್ನು ಓರೆಯಾಗಿ ಹೆಣೆಯುತ್ತ ಎರಡು ಪದರಗಳಲ್ಲಿ ಕಟ್ಟಿದ. ತುದಿಗೆ ಹೋಗಲು 463 ಮೆಟ್ಟಿಲು, ಲಿಫ್ಟ್ ಇಲ್ಲ. ಪಕ್ಕದ ಗಂಟೆಗೋಪುರಕ್ಕೆ 414. ಧರ್ಮಪತ್ನಿಯವರ ಮೊಣಕಾಲುಗಳು ಎರಡನ್ನೂ ಒಪ್ಪಲಿಲ್ಲ. ಅವರನ್ನು ಕೆಳಗೆ ಕೂರಿಸಿ ನಾವೊಬ್ಬರೇ ಹತ್ತುವುದೂ ಸರಿಯೆನಿಸಲಿಲ್ಲ. ಇದರಿಂದ ನಷ್ಟವಾಯಿತೆನ್ನಲಾರೆವು. ದೇವಾಲಯದ ಹಿಂಬದಿಯ ಸಂಗ್ರಹಾಲಯದ ಮೇಲ್ಮಾಳಿಗೆಯಿಂದ ಗುಮ್ಮಟ ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ. ಅಲ್ಲಿ ಲಿಫ್ಟ್ ಉಂಟು. ಗಿಬರ್ತಿ 27 ವರ್ಷ ದುಡಿದು 1452ರಲ್ಲಿ ಮುಗಿಸಿದ ಕಂಚಿನ ಬಾಗಿಲುಗಳ ಮೂಲಕೃತಿಯಿರುವುದೂ ಅಲ್ಲಿಯೇ. ಹೊರಗಡೆ ದೀಕ್ಷಾಮಂದಿರದಲ್ಲಿ ಜನ ಮುತ್ತಿ ಛಾಯಾಚಿತ್ರ ತೆಗೆಯುತ್ತಿರುವುದು ಪ್ರತಿಕೃತಿ.

ಶನಿವಾರ ಮುಂಜಾನೆ ಸಂತ ಮಾರ್ಕನ ಮಠಕ್ಕೆ ಹೋದೆವು. ಇಡೀ ಪ್ರವಾಸದಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದ ತಾಣವಿದು. 15ನೆಯ ಶತಮಾನದಲ್ಲಿ ಹಿರಿಯ ಕೊಸಿಮೊ ಮೆದಿಚಿಯ ಹಣದಿಂದ ಮಿಕೆಲೊತ್ಸೊ ಈ ಮಠವನ್ನು ಪುನಃ ಕಟ್ಟಿದ. ಅದೇ ಪಂಥದ ಸನ್ಯಾಸಿ ಫ್ರಾ ಆಂಜೆಲಿಕೊ ತನ್ನ ಸಹಾಯಕರೊಡನೆ ಗೋಡೆಗಳಿಗೆ ಚಿತ್ರ ಬರೆದ. ಮೆಟ್ಟಿಲೇರಿದೊಡನೆ ದೇವದೂತನು ಮೇರಿಗೆ ವಾರ್ತೆ ತಿಳಿಸುವ ಚಿತ್ರ ಎದುರಾಗುತ್ತದೆ. ಒಳಗೆ ಸಾಲಾಗಿ ಸಣ್ಣ ಸಣ್ಣ ಕೋಣೆಗಳು. ಒಂದೊಂದರಲ್ಲಿ ಒಂದು ಕಿಟಕಿ, ಒಂದು ಚಿತ್ರ. ಅಲಂಕಾರಕ್ಕಾಗಿ ಬರೆದವಲ್ಲ, ಆ ಕೋಣೆಯಲ್ಲಿ ಒಬ್ಬನೇ ಕುಳಿತ ಸನ್ಯಾಸಿಯ ಕಣ್ಣಿಗೆ ಆಸರೆಯಾಗಲೆಂದು ಬರೆದವು. ಚಿಕ್ಕಂದಿನಲ್ಲಿ ಮಠದ ಕೋಣೆಯಲ್ಲಿ ಚಾಪೆಯ ಮೇಲೆ ಓದಿ ಬೆಳೆದ ನಮಗೆ ಆ ಅಳತೆಯ ಕೋಣೆ ಅಪರಿಚಿತವೆನಿಸಲಿಲ್ಲ. ಇದೇ ಮಠದ ಮುಖ್ಯನಾಗಿದ್ದ ಸವೊನರೋಲನ ಕೋಣೆಗಳೂ ಇಲ್ಲಿವೆ. ವಿಲಾಸವನ್ನು ಖಂಡಿಸಿ ಊರನ್ನೇ ನಡುಗಿಸಿದ ಆತನನ್ನು 1498ರ ಮೇ 23ರಂದು ನಗರದ ಮುಖ್ಯ ಚೌಕದಲ್ಲಿ ನೇಣಿಗೇರಿಸಿ ಸುಟ್ಟರು. ಆ ಜಾಗವನ್ನು ತೋರಿಸುವ ದುಂಡನೆಯ ಕಲ್ಲನ್ನು ತುಳಿದುಕೊಂಡೇ ಪ್ರವಾಸಿಗರು ಓಡಾಡುತ್ತಾರೆ.

ಅಕಾದೆಮಿಯಾ ಅಲ್ಲಿಂದ ನಾಲ್ಕು ಹೆಜ್ಜೆ. 1504ರಲ್ಲಿ ಮುಗಿದ, 5 ಮೀಟರಿಗೂ ಎತ್ತರದ ದಾವಿದನ ಮೂರ್ತಿಯನ್ನು ಕುರಿತು ನಾವು ಹೊಸದಾಗಿ ಹೇಳುವುದೇನೂ ಇಲ್ಲ. ಭಾನುವಾರ ಊಫಿತ್ಸಿಯಲ್ಲಿ ಎರಡು ಗಂಟೆ ಕಾಲ, ಬೊತ್ತಿಚೆಲ್ಲಿಯ ಚಿತ್ರಗಳ ಮುಂದೆಯೇ ಹೆಚ್ಚು ಹೊತ್ತು ಕಳೆದು ಹೊರಬಂದೆವು. ಅದಕ್ಕಿಂತ ಹೆಚ್ಚು ನೋಡಿದರೆ ಕಣ್ಣು ನೋಡುತ್ತದೆ, ಮನಸ್ಸು ನೋಡುವುದಿಲ್ಲ.

ಊಟದ ವಿಚಾರವಾಗಿ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಒಣರೊಟ್ಟಿ, ಅವರೆಯ ಜಾತಿಯ ಕಾಳು, ಸೊಪ್ಪು ಹಾಕಿ ಕುದಿಸುವ ರಿಬೊಲ್ಲಿತಾ ನಮ್ಮ ಬಾಯಿಗೆ ಹಿಡಿಸುವಂಥದು. ಮಾಂಸದ ರಸ ಬೆರೆಸಿಲ್ಲವಷ್ಟೆ ಎಂದು ಕೇಳಿ ತಿನ್ನಬೇಕು. ಅಲ್ಲಿಯ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಉಪ್ಪಿನಕಾಯಿಯ ಸೀಸೆ ಜೊತೆಗಿದ್ದರೆ ಲೇಸು.

ಸೋಮವಾರ ಬೆಳಿಗ್ಗೆ ಸಾಂತಾ ಕ್ರೋಚೆ ದೇವಾಲಯದಲ್ಲಿ ಮಿಕೆಲಾಂಜೆಲೊ, ಗೆಲಿಲಿಯೊ ಇವರ ಸಮಾಧಿಗಳನ್ನು ಕಂಡೆವು. ಮಹಾಕವಿ ದಾಂತೆಯ ಹೆಸರಿನಲ್ಲಿಯೂ ಒಂದು ಸಮಾಧಿಯಿದೆ, ಅದು ಬರಿದು. ಊರಿಂದ ಗಡೀಪಾರಾದ ಕವಿ ರಾವೆನ್ನಾ ನಗರದಲ್ಲಿ ತೀರಿಕೊಂಡು ಅಲ್ಲಿಯ ಮಣ್ಣಿನಲ್ಲೇ ಇದ್ದಾನೆ. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಊರನ್ನು ಹೊಕ್ಕಾಗ ಚಿಮಾಬುವೆ ಬರೆದ ದೊಡ್ಡ ಶಿಲುಬೆಚಿತ್ರದ ಬಣ್ಣದ ಬಹುಭಾಗ ಕೊಚ್ಚಿಹೋಯಿತು. ಅಳಿದುಳಿದುದನ್ನು ಹಾಗೆಯೇ ತೂಗುಹಾಕಿದ್ದಾರೆ.

ಅದನ್ನು ನೋಡುತ್ತಿದ್ದಾಗಲೇ ಧರ್ಮಪತ್ನಿ ಮೊದಲ ಬಾರಿಗೆ ಬಾಯಿಬಿಟ್ಟರು: "ಮಧ್ಯಾಹ್ನ ಹೆಂಗೂ ಖಾಲಿ ಐತಿ. ಇಷ್ಟ ದೂರ ಬಂದು ನಮ್ಮ ಕಡೀ ಹುಡುಗನ್ನ ನೋಡದ ಹೋಗೂದೇನ್ರಿ?"

ಟ್ಯಾಕ್ಸಿ ತರಿಸಿ ಪಶ್ಚಿಮದ ಕಾಶಿನೆ ಉದ್ಯಾನದ ತುತ್ತತುದಿಗೆ ಹೋದೆವು. ಇಳಿದು ಮರಗಳ ನೆರಳಿನಲ್ಲಿ ಸ್ವಲ್ಪ ದೂರ ನಡೆಯಬೇಕಾಯಿತು. ಕೊಲ್ಲಾಪುರದ ರಾಜಾರಾಮ ಮಹಾರಾಜರು ಇಂಗ್ಲೆಂಡ್ ಪ್ರವಾಸ ಮುಗಿಸಿ ಮರಳುವಾಗ, ಆಗ ಇಟಲಿಯ ರಾಜಧಾನಿಯಾಗಿದ್ದ ಈ ನಗರದಲ್ಲಿ 1870ರ ನವೆಂಬರ್ 30ರಂದು ತೀರಿಕೊಂಡರು. ವಯಸ್ಸು ಇಪ್ಪತ್ತು. ದಹನಸಂಸ್ಕಾರವನ್ನೇ ಕಾಣದ ಆ ಊರಿನವರು ವಿಶೇಷ ಅನುಮತಿ ಕೊಟ್ಟು, ಮುನ್ಯೋನೆ ಎಂಬ ಸಣ್ಣ ಹೊಳೆ ಆರ್ನೊ ನದಿಯನ್ನು ಕೂಡುವಲ್ಲಿ ಚಿತೆಗೆ ಜಾಗ ಮಾಡಿಕೊಟ್ಟರು. ಸಂಗಮವೆಂದರೇನೆಂದು ನಮ್ಮ ನಾಡಿನವರಿಗೆ ವಿವರಿಸಬೇಕಾಗಿಲ್ಲ. 1874ರಲ್ಲಿ ಅಲ್ಲಿ ಸ್ಮಾರಕ ನಿಂತಿತು: ನಮ್ಮ ರೀತಿಯ ಛತ್ರಿ, ಅದರೊಳಗೆ ಫುಲ್ಲರ್ ಎಂಬ ಶಿಲ್ಪಿ ಕಡೆದ ಎದೆಮಟ್ಟದ ಮೂರ್ತಿ, ತಲೆಯಲ್ಲಿ ಮುಂಡಾಸು, ಮೈಗೆ ಬಣ್ಣ. ಬಳಿಯ ದೊಡ್ಡ ಸೇತುವೆಗೂ 'ಭಾರತೀಯನ ಸೇತುವೆ' ಎಂದೇ ಹೆಸರು. ಅದರ ಮೇಲೆ ವಾಹನಗಳು ಎಡೆಬಿಡದೆ ಹರಿಯುತ್ತಿದ್ದವು. ಧರ್ಮಪತ್ನಿ ಸೆರಗು ತಲೆಗೆ ಹೊದ್ದು ಬಹಳ ಹೊತ್ತು ನಿಂತರು. ಮೊಣಕಾಲಿನ ನೆನಪು ಅವರಿಗೂ ಬರಲಿಲ್ಲ, ನಮಗೂ ಬರಲಿಲ್ಲ.

ಮರಳಿ ಬಂದಾಗ ಟ್ಯಾಕ್ಸಿಯವನು ಏನನ್ನೋ ಕೇಳಿದ. ನಿಮ್ಮ ಸಂಬಂಧಿಕರೇ ಎಂದು ಕೇಳುತ್ತಿದ್ದಾನೆಂದು ಮಗ ತಿಳಿಸಿದ. ನಾವು ಇಲ್ಲವೆನ್ನುವಷ್ಟರಲ್ಲಿ ಧರ್ಮಪತ್ನಿ ಹೌದೆಂದು ತಲೆಯಾಡಿಸಿಬಿಟ್ಟಿದ್ದರು. ರೈಲಿಗೆ ಇನ್ನೂ ಎರಡು ಗಂಟೆಯಿತ್ತು.