ಬೈಕಿನ ಹಿಂದಿನ ಚಕ್ರಕ್ಕೆ ಕಾರಿನ ಟೈರು

ಭಾರೀ ಬೈಕುಗಳ ಹಿಂದಿನ ಚಕ್ರಕ್ಕೆ ಕಾರಿನ ಟೈರು ಹಾಕಿಕೊಂಡು ಓಡಿಸುವ ರೂಢಿ ಬೇರು ಬಿಟ್ಟದ್ದು ಅಮೆರಿಕದಲ್ಲಿ. ಹೋಂಡಾ ಗೋಲ್ಡ್ ವಿಂಗ್, ವಾಲ್ಕಿರೀ, ಟ್ರಯಂಫ್ ರಾಕೆಟ್ 3 ಬೈಕುಗಳ ಸವಾರರಲ್ಲಿ ಇದು 2000ದ ದಶಕದಲ್ಲಿ ಜೋರಾಗಿ ಹಬ್ಬಿತು. ಸವಾರರೇ ಇದಕ್ಕೆ ‘ಡಾರ್ಕ್ ಸೈಡ್’ ಎಂದು ಹೆಸರಿಟ್ಟುಕೊಂಡರು. ಆ ಕಾಲದ ಬೈಕ್ ಕೂಟಗಳ ಪಾರ್ಕಿಂಗ್ ಜಾಗದಲ್ಲಿ ಸಾಲುಗಟ್ಟಿ ನಿಂತ ಗೋಲ್ಡ್ ವಿಂಗ್‌ಗಳ ಹಿಂದೆ ನಡೆದುಹೋದವರಿಗೆ ಅಲ್ಲೊಂದು ಇಲ್ಲೊಂದು ಗಾಡಿ ಬೇರೆಯಾಗಿ ಕಾಣುತ್ತಿತ್ತು. ಎಲ್ಲ ಬೈಕುಗಳ ಹಿಂದಿನ ಟೈರು ಗೆರಟೆ ಕವುಚಿಟ್ಟಂತೆ ಉಬ್ಬಿದ್ದರೆ, ಆ ಒಂದರದು ಮಾತ್ರ ಚಪ್ಪಟೆಯಾಗಿ, ಚೌಕ ಅಂಚಿನದಾಗಿ ಇರುತ್ತಿತ್ತು. ನೋಡಿದವರು ಕುಕ್ಕರಗಾಲಲ್ಲಿ ಕೂತು ಅದರ ಪಕ್ಕದ ಅಕ್ಷರಗಳನ್ನು ಓದುತ್ತಿದ್ದರು. ಅಲ್ಲಿಂದ ವಾದ ಶುರುವಾಗುತ್ತಿತ್ತು.

ಕಾರಿನ ಟೈರು ಮತ್ತು ಬೈಕಿನ ಟೈರು ಮೊದಲಿನಿಂದಲೂ ಇಷ್ಟು ದೂರದ ನೆಂಟರಾಗಿರಲಿಲ್ಲ. 1930–31ರ ಫೋರ್ಡ್ ಮಾಡೆಲ್ ಎ ಕಾರು ಓಡಿದ್ದು 4.75–19 ಅಳತೆಯ ಟೈರಿನ ಮೇಲೆ. ನಮ್ಮ ಹಳೆಯ ಬುಲೆಟ್ಟಿನ 3.50–19 ಟೈರನ್ನು ಬಲ್ಲವರಿಗೆ ಅದು ತೀರ ಅಪರಿಚಿತವಾಗಿ ಕಾಣುವುದಿಲ್ಲ. ಎತ್ತರದ ಚಕ್ರ, ಸಪೂರ ಟೈರು ಎರಡಕ್ಕೂ ಸಮಾನವಾಗಿತ್ತು. ಮುಂದೆ ಕಾರಿನ ಚಕ್ರ ಕುಳ್ಳಾಗುತ್ತ, ಟೈರು ಅಗಲವಾಗುತ್ತ ಹೋಯಿತು. 1946ರಲ್ಲಿ ಮಿಶೆಲಿನ್ ಕಂಪನಿ ಪೇಟೆಂಟ್ ಪಡೆದ ಉಕ್ಕಿನ ಪಟ್ಟಿಯ ರೇಡಿಯಲ್ ಟೈರು ಬಂದ ಮೇಲಂತೂ ಎರಡರ ದಾರಿ ಬೇರೆಯೇ ಆಯಿತು. ಬೈಕಿಗೆ ರೇಡಿಯಲ್ ಬರಲು 1980ರ ದಶಕದವರೆಗೆ ಕಾಯಬೇಕಾಯಿತು.

ಎರಡು ದಾರಿಗಳೂ ಕೂಡಿಯೇ ಉಳಿದ ಒಂದು ಜಾಗವೆಂದರೆ ಸೈಡ್‌ಕಾರ್. ಪಕ್ಕದಲ್ಲಿ ತೊಟ್ಟಿಲು ಕಟ್ಟಿಕೊಂಡ ಬೈಕು ತಿರುವಿನಲ್ಲಿ ವಾಲುವುದಿಲ್ಲ, ಕಾರಿನಂತೆ ನೆಟ್ಟಗೆ ನಿಂತೇ ತಿರುಗುತ್ತದೆ. ವಾಲದ ಗಾಡಿಗೆ ದುಂಡನೆಯ ಟೈರು ದಂಡ. ನಡುವಿನ ಪಟ್ಟಿಯಷ್ಟೇ ನೆಲ ಮುಟ್ಟಿ ಬೇಗ ಸವೆದುಹೋಗುತ್ತದೆ. ಆದ್ದರಿಂದ ಯುರೋಪಿನ ಸೈಡ್‌ಕಾರ್ ಪ್ರಿಯರು 15 ಇಂಚಿನ ರಿಮ್ಮಿಗೆ ಸಿಟ್ರೋಯನ್ 2ಸಿವಿ ಕಾರಿನ ಸಪೂರ ಟೈರು ಹಾಕುವುದನ್ನು ಬಹುಕಾಲ ನಡೆಸಿಕೊಂಡು ಬಂದರು. ಅಲ್ಲಿ ಯಾರೂ ಹುಬ್ಬೇರಿಸಲಿಲ್ಲ, ಹುಬ್ಬೇರಿಸುವಂಥದ್ದೂ ಅದರಲ್ಲಿ ಇಲ್ಲ. ತಕರಾರು ಎದ್ದದ್ದು ಅದೇ ಟೈರು ಎರಡೇ ಚಕ್ರದ, ವಾಲುವ ಬೈಕಿನ ಅಡಿಗೆ ಬಂದಾಗ.

ಅದು ಬಂದದ್ದಕ್ಕೆ ಕಾರಣ ಗೋಲ್ಡ್ ವಿಂಗ್ ಮತ್ತು ಅಮೆರಿಕದ ಹೆದ್ದಾರಿ. 1975ರಲ್ಲಿ 1,000 ಸಿಸಿಯ ನಾಲ್ಕು ಸಿಲಿಂಡರಿನ ಬೈಕಾಗಿ ಮಾರುಕಟ್ಟೆಗೆ ಬಂದ ಗೋಲ್ಡ್ ವಿಂಗ್ 1988ಕ್ಕೆ ಆರು ಸಿಲಿಂಡರ್, 1,520 ಸಿಸಿ ಆಯಿತು. 2001ರಲ್ಲಿ 1,832 ಸಿಸಿಗೆ ಏರಿತು. 1980ರಿಂದ 2009ರವರೆಗೆ ಅದು ತಯಾರಾದದ್ದು ಒಹಾಯೊ ರಾಜ್ಯದ ಮೇರಿಸ್‌ವಿಲ್‌ನಲ್ಲಿ, ಅಮೆರಿಕದವರ ಕೈಯಲ್ಲೇ. ಬೈಕಿನದೇ ತೂಕ 400 ಕಿಲೋ ಚಿಲ್ಲರೆ. ಅದರ ಮೇಲೆ ಗಂಡ, ಹೆಂಡತಿ, ಮೂರು ಪೆಟ್ಟಿಗೆ ತುಂಬ ಸಾಮಾನು. ಇಷ್ಟನ್ನೂ ಹೊತ್ತು ರಾಜ್ಯದಿಂದ ರಾಜ್ಯಕ್ಕೆ ನೇರ ದಾರಿಯಲ್ಲಿ ದಿನಗಟ್ಟಲೆ ಓಡುವುದೇ ಅದರ ಕೆಲಸ. ಅಯರ್ನ್ ಬಟ್ ಅಸೋಸಿಯೇಷನ್ ಎಂಬ ದೂರಸವಾರರ ಸಂಸ್ಥೆಯ ಮೊದಲ ಮೆಟ್ಟಿಲಿನ ಪರೀಕ್ಷೆಯೇ 24 ಗಂಟೆಯಲ್ಲಿ 1,000 ಮೈಲಿ, ಅಂದರೆ 1,600 ಕಿಲೋಮೀಟರಿಗೂ ಹೆಚ್ಚು. ಅಂಥ ಓಟದಲ್ಲಿ ಹಿಂದಿನ ಟೈರಿನ ನಡುಭಾಗ ಸವೆದು ಬೋಳಾಗುತ್ತಿತ್ತು, ಅಂಚುಗಳು ಮಾತ್ರ ಹೊಸದರಂತೆ ಉಳಿಯುತ್ತಿದ್ದವು. 8,000ದಿಂದ 12,000 ಮೈಲಿಗೆ ಒಂದು ಟೈರು ಎಂಬುದು ಸಾಮಾನ್ಯ ಲೆಕ್ಕ. ವರ್ಷಕ್ಕೆ ಇಪ್ಪತ್ತು, ಮೂವತ್ತು ಸಾವಿರ ಮೈಲಿ ಓಡಿಸುವವರಿಗೆ ಇದು ದುಡ್ಡಿನ ಮಾತಷ್ಟೇ ಅಲ್ಲ. ಊರು ಬಿಟ್ಟು ಸಾವಿರಾರು ಮೈಲಿ ದೂರ ಬಂದ ಮೇಲೆ ಟೈರು ಸವೆದರೆ, ಆ ಅಳತೆಯ ಟೈರು ಇಟ್ಟಿರುವ ಅಂಗಡಿಯನ್ನು ಹುಡುಕುವುದರಲ್ಲೇ ಪ್ರವಾಸದ ಎರಡು ದಿನ ಹೋಗುತ್ತಿತ್ತು.

ಇದೇ ಸವಾರರ ಮನೆಯ ಕಾರಿನ ಟೈರು ಅದರ ಎರಡು, ಮೂರು ಪಟ್ಟು ಬಾಳುತ್ತಿತ್ತು, ಬೆಲೆಯೂ ಕಡಿಮೆ. ಅಮೆರಿಕದಲ್ಲಿ ಕಾರಿನ ಟೈರಿನ ಪಕ್ಕದಲ್ಲಿ ಸವೆತದ ಅಂಕವನ್ನು ಅಚ್ಚು ಹಾಕಿರುತ್ತಾರೆ. ಟೆಕ್ಸಸ್‌ನ ಸ್ಯಾನ್ ಆಂಜೆಲೊ ಸುತ್ತಮುತ್ತಲಿನ ರಸ್ತೆಗಳಲ್ಲಿ ಮಾದರಿ ಟೈರಿನ ಜೊತೆ ಓಡಿಸಿ ನೋಡಿ ಕೊಡುವ ಅಂಕ ಅದು. ಮಾದರಿಯದು 100 ಆದರೆ 400 ಅಂಕದ ಟೈರು ಅಲ್ಲಿ ಅದರ ನಾಲ್ಕು ಪಟ್ಟು ತಾಳಿತೆಂದು ಅರ್ಥ. ಬೈಕಿನ ಟೈರಿಗೆ ಇಂಥ ಅಂಕದ ಪದ್ಧತಿಯೇ ಇಲ್ಲ. ಒಂದರ ಬಾಳಿಕೆ ಪಕ್ಕದಲ್ಲೇ ಬರೆದಿತ್ತು, ಇನ್ನೊಂದರದು ಓಡಿಸಿ ನೋಡಿದ ಮೇಲಷ್ಟೇ ತಿಳಿಯುತ್ತಿತ್ತು.

2001ರ ಗೋಲ್ಡ್ ವಿಂಗ್ ಈ ಆಸೆಗೆ ತಾನಾಗಿಯೇ ಅನುವು ಮಾಡಿಕೊಟ್ಟಿತು. ಅದಕ್ಕೆ ಚೈನು ಇಲ್ಲ, ಶಾಫ್ಟು. ಹಿಂದಿನ ಚಕ್ರವನ್ನು ಹಿಡಿದಿರುವುದು ಒಂದೇ ಪಕ್ಕದ ತೋಳು. ಕಾರಿನಲ್ಲಿದ್ದಂತೆ ಐದು ನಟ್ ಬಿಚ್ಚಿದರೆ ಚಕ್ರ ಕೈಗೆ ಬರುತ್ತದೆ. ಕಂಪನಿ ಹೇಳಿದ ಟೈರು 180/60 ಆರ್ 16. ಅಂದರೆ ಅಗಲ 180 ಮಿಲಿಮೀಟರ್, ಪಕ್ಕದ ಎತ್ತರ ಅದರ ನೂರಕ್ಕೆ 60, ರಿಮ್ಮು 16 ಇಂಚು. ಒಟ್ಟು ವ್ಯಾಸ ಸುಮಾರು 622 ಮಿಲಿಮೀಟರ್. ಮಿನಿ ಕೂಪರ್ ಕಾರಿಗೆ ಬರುತ್ತಿದ್ದ 195/55 ಆರ್ 16 ಟೈರಿನ ವ್ಯಾಸ ಲೆಕ್ಕ ಹಾಕಿದರೆ ಸುಮಾರು 621. ಸ್ಪೀಡೋಮೀಟರ್ ತಪ್ಪುವುದಿಲ್ಲ, ಬೈಕಿನ ಎತ್ತರ ಬದಲಾಗುವುದಿಲ್ಲ, ತೋಳಿಗೂ ತಾಗುವುದಿಲ್ಲ. ಮಿನಿಗೆ ಬರುತ್ತಿದ್ದುದು ಬಹುಮಟ್ಟಿಗೆ ರನ್‌ಫ್ಲಾಟ್ ಜಾತಿಯ ಟೈರು, ಗಾಳಿ ಹೋದರೂ ಗಟ್ಟಿ ಪಕ್ಕಗಳ ಮೇಲೆ ಒಂದಷ್ಟು ದೂರ ಓಡಬಲ್ಲದ್ದು. ನಿರ್ಜನ ಹೆದ್ದಾರಿಯ ಸವಾರನಿಗೆ ಅದೊಂದು ದೊಡ್ಡ ಆಕರ್ಷಣೆ. ಹೊರುವ ಶಕ್ತಿಯಲ್ಲೂ ಕಾರಿನದೇ ಮೇಲುಗೈ: ಬೈಕಿನ ಟೈರಿನ ಭಾರಸೂಚಿ 74, ಅಂದರೆ 375 ಕಿಲೋ, ಕಾರಿನದು 87, ಅಂದರೆ 545 ಕಿಲೋ.

ಕಾಗದದ ಮೇಲಿನ ಈ ಲೆಕ್ಕದಲ್ಲಿ ಬಿಟ್ಟುಹೋದದ್ದು ರಿಮ್ಮು. ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆ ಇರುತ್ತದೆ, ಅದೇ ಬೀಡ್. ಟೈರು ರಿಮ್ಮನ್ನು ಕಚ್ಚಿ ಹಿಡಿಯುವುದು ಅಲ್ಲಿ. ಕಾರಿನ ರಿಮ್ಮಿನಲ್ಲೂ ಬೈಕಿನ ರಿಮ್ಮಿನಲ್ಲೂ ಬೀಡ್ ಕೂರುವ ಮೆಟ್ಟಿಲಿನ ಆಕಾರ ಒಂದೇ ಅಲ್ಲ. 16 ಇಂಚು ಎಂಬ ಅಂಕೆ ಒಂದೇ ಆದ ಮಾತ್ರಕ್ಕೆ ಕೂರುವಿಕೆಯೂ ಒಂದೇ ಆಗುವುದಿಲ್ಲ. ಜೊತೆಗೆ ಗೋಲ್ಡ್ ವಿಂಗ್‌ನ ಹಿಂದಿನ ರಿಮ್ಮಿನ ಅಗಲ 5 ಇಂಚು, ಆದರೆ 195/55 ಅಳತೆಯ ಕಾರಿನ ಟೈರಿಗೆ ಕನಿಷ್ಠ ಐದೂವರೆ ಇಂಚಿನ ರಿಮ್ಮು ಬೇಕೆಂಬುದು ಟೈರು ತಯಾರಕರ ನಿಯಮ. ಅಮೆರಿಕದಲ್ಲಿ ಕಾರಿನ ರೇಡಿಯಲ್ ಟೈರಿಗೆ ಸರ್ಕಾರದ ಸುರಕ್ಷತಾ ಮಾನಕ 139 ಅನ್ವಯಿಸಿದರೆ ಬೈಕಿನ ಟೈರಿಗೆ 119 ಅನ್ವಯಿಸುತ್ತದೆ. ಬೀಡ್ ರಿಮ್ಮಿನಿಂದ ಜಾರೀತು, ಹಾಕಬೇಡಿ ಎಂದು ಬೈಕು ತಯಾರಕರೂ ಟೈರು ತಯಾರಕರೂ ಬರೆದೇ ಎಚ್ಚರಿಸಿದ್ದರು.

ಇದರಿಂದ ಟೈರು ಅಂಗಡಿಗಳ ವ್ಯಾಪಾರದಲ್ಲಿ ವಿಚಿತ್ರವಾದ ಒಂದು ಸಂದು ಹುಟ್ಟಿತು. ಕಾರಿನ ಟೈರು ಅಂಗಡಿಯವನು ಬೈಕಿನ ಚಕ್ರ ಕಂಡರೆ ಮುಟ್ಟುತ್ತಿರಲಿಲ್ಲ. ಬೈಕಿನ ಡೀಲರ್ ಕಾರಿನ ಟೈರು ಕಂಡರೆ ಮುಟ್ಟುತ್ತಿರಲಿಲ್ಲ. ಅಪಘಾತವಾಗಿ ಮೊಕದ್ದಮೆ ಬಿದ್ದರೆ ಹೊಣೆ ಯಾರದು ಎಂಬ ಭಯ ಇಬ್ಬರಿಗೂ. ಹೀಗಾಗಿ ಕೆಲಸ ಸವಾರನ ಸ್ವಂತ ಗ್ಯಾರೇಜಿಗೆ ಬಂತು. ಅಂಚೆಯಲ್ಲಿ ಟೈರು ತರಿಸಿಕೊಂಡು, ಅಗ್ಗದ ಕೈ ಯಂತ್ರವೊಂದನ್ನು ನೆಲಕ್ಕೆ ಬೋಲ್ಟ್ ಮಾಡಿ, ವಾರಾಂತ್ಯದಲ್ಲಿ ಇಬ್ಬರು ಮೂವರು ಸೇರಿ ಮಾಡುವ ಕೆಲಸ ಅದಾಯಿತು. ಹಳೆಯ ಟೈರಿನ ಬೀಡನ್ನು ಒತ್ತಿ ಬಿಡಿಸುವುದೇ ಅರ್ಧ ಶ್ರಮ. ಬಳಿಕ ರಿಮ್ಮನ್ನು ಉಜ್ಜಿ, ವಾಲ್ವ್ ಬದಲಿಸಿ, ಸೋಪಿನ ನೀರು ಬಳಿದು ಲಿವರಿನಿಂದ ಹೊಸದನ್ನು ಏರಿಸಬೇಕು. ರನ್‌ಫ್ಲಾಟ್‌ನ ಗಟ್ಟಿ ಪಕ್ಕ ಲಿವರಿಗೆ ಸುಲಭವಾಗಿ ಮಣಿಯುವುದಿಲ್ಲ. ಆಮೇಲೆ ಗಾಳಿ. ಬೀಡ್ ‘ಟಪ್’ ಎಂದು ಕೂರುವವರೆಗೆ ಗಾಳಿ ತುಂಬಬೇಕು, ಆದರೆ ಕಾರಿನ ಟೈರಿಗೆ ಬೀಡ್ ಕೂರಿಸಲು ಒತ್ತಡ ಚದರ ಇಂಚಿಗೆ 40 ಪೌಂಡ್ ಮೀರಬಾರದೆಂಬ ಎಚ್ಚರಿಕೆ ಇದೆ. ಬೇರೆ ಆಕಾರದ ಮೆಟ್ಟಿಲಿನ ಮೇಲೆ ಅದು ಅಷ್ಟಕ್ಕೆ ಕೂರದೆ ಹಟ ಮಾಡಿದಾಗ ಕೆಲವರು ಇನ್ನಷ್ಟು ತುಂಬಿದರು. ಇಡೀ ಪದ್ಧತಿಯಲ್ಲಿ ಅತ್ಯಂತ ಅಪಾಯದ ಗಳಿಗೆ ರಸ್ತೆಯ ಮೇಲಿನದಲ್ಲ, ಇದೇ. ಬೀಡಿನ ತಂತಿ ಕಿತ್ತರೆ ಚಕ್ರದ ಮೇಲೆ ಬಗ್ಗಿ ನಿಂತವನ ಕೈ, ಮುಖ ಉಳಿಯುವುದಿಲ್ಲ.

ರಸ್ತೆಗೆ ಇಳಿದ ಮೇಲಿನ ಕಥೆ ಬೇರೆ. ದುಂಡು ಟೈರು ವಾಲಿದಾಗ ನೆಲ ಮುಟ್ಟುವ ಜಾಗ ಮೆಲ್ಲಗೆ ಅಂಚಿನತ್ತ ಸರಿಯುತ್ತದೆ, ವಾಲಿದ ಟೈರೇ ಬೈಕನ್ನು ತಿರುವಿನೊಳಕ್ಕೆ ತಳ್ಳುತ್ತದೆ. ಚಪ್ಪಟೆ ಟೈರಿನಲ್ಲಿ ವಾಲಿದೊಡನೆ ಭಾರವೆಲ್ಲ ಒಂದು ಅಂಚಿಗೆ ಬಂದು ಇನ್ನೊಂದು ಅಂಚು ಹಗುರಾಗುತ್ತದೆ, ಪಕ್ಕ ಬಾಗುತ್ತದೆ, ಬೈಕು ನೆಟ್ಟಗಾಗಲು ಒದ್ದಾಡುತ್ತದೆ. ತಿರುವು ಮುಗಿಯುವ ತನಕ ಹ್ಯಾಂಡಲ್ ಒತ್ತಿಯೇ ಹಿಡಿದಿರಬೇಕು. ಹೊಸದಾಗಿ ಹಾಕಿಸಿದವರು ಮೊದಲ ತಿರುವಿನಲ್ಲಿ ಬೆವೆತದ್ದೂ, ಕೆಲವು ನೂರು ಮೈಲಿಗಳಲ್ಲಿ ಕೈ ಪಳಗಿ ಅದನ್ನು ಮರೆತದ್ದೂ ಎರಡೂ ನಿಜ. ರಸ್ತೆಯ ಮೇಲಿನ ಉದ್ದುದ್ದ ಗೀರು, ಲಾರಿ ಚಕ್ರದ ಹಳ್ಳ, ಡಾಂಬರಿನ ಅಂಚು ಇವು ಅಗಲ ಟೈರನ್ನು ತಮ್ಮತ್ತ ಎಳೆಯುತ್ತವೆ. ಗಟ್ಟಿ ಪಕ್ಕವನ್ನು ಸ್ವಲ್ಪ ಮೆದು ಮಾಡಲು ಹಲವರು ಕಂಪನಿ ಹೇಳಿದ 41 ಪೌಂಡಿಗಿಂತ ಬಹಳ ಕಡಿಮೆ ಗಾಳಿ ಇಟ್ಟರು. ಮುಂದಿನ ಚಕ್ರಕ್ಕೆ ಮಾತ್ರ ಯಾರೂ ಕಾರಿನ ಟೈರು ಹಾಕಲಿಲ್ಲ, ದಿಕ್ಕು ತೋರುವ ಚಕ್ರ ಅದು. ಹೆಚ್ಚೆಂದರೆ ಬೈಕಿನ ಹಿಂದಿನ ಟೈರನ್ನೇ ಮುಂದೆ ತಿರುವುಮುರುವಾಗಿ ಹಾಕಿ ಬಾಳಿಕೆ ಹೆಚ್ಚಿಸಿಕೊಂಡರು.

ಮಳೆಯಲ್ಲಿ ಕಾರಿನ ಟೈರೇ ಉತ್ತಮ ಎಂಬುದು ಹಾಕಿಸಿದವರ ನೆಚ್ಚಿನ ವಾದ. ಅದರ ಆಳವಾದ ಗೀರುಗಳು ನೀರನ್ನು ಚೆನ್ನಾಗಿ ಹೊರಹಾಕುತ್ತವೆ, ಅದು ಸರಿ. ಆದರೆ ನೀರಿನ ಮೇಲೆ ಟೈರು ತೇಲತೊಡಗುವ ವೇಗ ಒಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ ಎಂದು ನಾಸಾದ ಲ್ಯಾಂಗ್ಲಿ ಕೇಂದ್ರ 1960ರ ದಶಕದಲ್ಲೇ ವಿಮಾನದ ಟೈರುಗಳಲ್ಲಿ ತೋರಿಸಿತ್ತು. ಆ ಸೂತ್ರದಂತೆ 41 ಪೌಂಡಿಗೆ ಸುಮಾರು 66 ಮೈಲಿ ವೇಗದಲ್ಲಿ ತೇಲುವ ಟೈರು 30 ಪೌಂಡಿಗೆ 57ರಲ್ಲೇ ತೇಲುತ್ತದೆ. ಬೈಕಿನ ದುಂಡು ಟೈರಿಗಾದರೋ ನೀರನ್ನು ಸೀಳುವ ಆಕಾರ ಹುಟ್ಟಿನಿಂದಲೇ ಇದೆ. ಹಾಗಾಗಿ ಮಳೆಯ ವಾದ ಹೇಳಿದಷ್ಟು ಗಟ್ಟಿಯಲ್ಲ. ನೇರ ಓಟದಲ್ಲಿ ಬ್ರೇಕ್ ಹಿಡಿದಾಗ ಅಗಲ ಟೈರಿನ ಹಿಡಿತ ಚೆನ್ನ ಎಂಬ ಮಾತಿನಲ್ಲಿ ಹುರುಳಿದೆ. ಲಕ್ಷ ಮೈಲಿ ಓಡಿಸಿದರೂ ಏನೂ ಆಗಲಿಲ್ಲ ಎಂಬುದು ಇನ್ನೊಂದು ಮಾತು. ಅದು ಓಡಿಸಿದವನ ಅನುಭವವೇ ಹೊರತು ಟೈರಿನ ಪರೀಕ್ಷೆಯಲ್ಲ.

ಕಾಲ ಕ್ರಮೇಣ ಈ ರೂಢಿಯ ಬಿಸಿಯನ್ನು ಇಳಿಸಿತು. ನಡುವೆ ಗಟ್ಟಿ ರಬ್ಬರು, ಅಂಚಿಗೆ ಮೆದು ರಬ್ಬರು ಇರುವ ಬೈಕ್ ಟೈರುಗಳು ಬಂದವು. 2018ರ ಹೊಸ ಗೋಲ್ಡ್ ವಿಂಗ್ ಹಿಂದಿನದಕ್ಕಿಂತ ಹಗುರ, ಹಿಂದಿನ ಟೈರು 200/55 ಆರ್ 16. ತಿರುವುಗಳಲ್ಲಿ ಆಡಿಸಲೆಂದೇ ಅದನ್ನು ಹದ ಮಾಡಿದ್ದರು. 1977ರಲ್ಲಿ ಅರಿಜೋನಾದಲ್ಲಿ ಹುಟ್ಟಿದ ಗೋಲ್ಡ್ ವಿಂಗ್ ಸವಾರರ ದೊಡ್ಡ ಸಂಘ 2022ರಲ್ಲಿ ಮುಚ್ಚಿತು. ಅದರ ಸದಸ್ಯರಲ್ಲಿ ಅನೇಕರಿಗೆ ವಯಸ್ಸಾಗಿತ್ತು. ಮಂಡಿ ನೋವಿನವರು ಮೂರು ಚಕ್ರದ ಟ್ರೈಕಿಗೆ ದಾಟಿದರು. ಅಲ್ಲಿ ಹಿಂದಿನ ಎರಡು ಚಕ್ರಗಳಿಗೂ ಕಾರಿನ ಟೈರೇ, ಯಾರ ಆಕ್ಷೇಪವೂ ಇಲ್ಲದೆ.

ಕರ್ನಾಟಕದ ರಸ್ತೆಗಳಿಗೆ ಈ ಪದ್ಧತಿ ಬರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಇಲ್ಲಿನ ಸಾಮಾನ್ಯ ಬೈಕಿನ 17, 18 ಇಂಚಿನ ಸಪೂರ ಚಕ್ರಕ್ಕೂ ಚೈನಿಗೂ ನಡುವೆ ಕಾರಿನ ಟೈರು ನುಸುಳುವಷ್ಟು ಜಾಗವಿಲ್ಲ. ಟೈರಿನ ಬೆಲೆಯೂ ಅಷ್ಟು ಹೊರೆಯಲ್ಲ. ಆದರೆ ನೋಟಕ್ಕೆಂದು ಅಳತೆ ಮೀರಿದ ಅಗಲ ಟೈರು ಹಾಕಿಸುವ ಹುಚ್ಚು ಇಲ್ಲಿಯೂ ಇದೆ, ಆಮದು ಬೈಕುಗಳೂ ಹೆಚ್ಚುತ್ತಿವೆ. ನಮ್ಮ ದೇಶದಲ್ಲೂ ದ್ವಿಚಕ್ರ, ತ್ರಿಚಕ್ರಗಳ ಟೈರಿಗೆ ಐಎಸ್ 15627, ಕಾರಿನ ಟೈರಿಗೆ ಐಎಸ್ 15633 ಎಂದು ಮಾನಕಗಳು ಬೇರೆ ಬೇರೆ. ತಯಾರಕರು ನಮೂದಿಸಿದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಸೈಡ್‌ಕಾರ್ ಕಟ್ಟಿದ ಗಾಡಿಯ ಮಾತು ಬೇರೆ. ಎರಡೇ ಚಕ್ರದಲ್ಲಿ ವಾಲುವ ಬೈಕಿಗೆ, ಅದರಲ್ಲೂ ಚಾರ್ಮಾಡಿ, ಆಗುಂಬೆಯಂಥ ತಿರುವಿನ ಘಾಟಿ ಏರುವ ಬೈಕಿಗೆ, ಕಾರಿನ ಟೈರು ಸಲ್ಲದು. ಟೈರು ಕೊಳ್ಳುವಾಗ ಅಳತೆಯ ಪಕ್ಕದಲ್ಲಿ ‘ಎಂ/ಸಿ’ ಎಂಬ ಅಕ್ಷರಗಳಿವೆಯೇ ನೋಡಿಕೊಳ್ಳಿ. ಅದು ಬೈಕಿನ ರಿಮ್ಮಿಗೆಂದೇ ಮಾಡಿದ ಟೈರು ಎಂಬುದರ ಗುರುತು.