ಪುಕ್ಕದ ಹುಳ, ಹತ್ತುವ ಮೀನು

ನಮ್ಮ ತಲ್ಲೂರಿನ ಕಡೆ ಗಾಳ ಹಾಕುವುದಕ್ಕೆ ದೊಡ್ಡ ಸಾಮಾನು ಬೇಡ. ಒಂದು ಬಿದಿರಿನ ಕೋಲು, ಒಂದಿಷ್ಟು ನೈಲಾನ್ ದಾರ, ಕೊಕ್ಕೆಗೆ ಸಿಕ್ಕಿಸಲು ಎರೆಹುಳವೋ ಚಟ್ಲಿಯೋ ಇದ್ದರೆ ಆಯಿತು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಸೇರಿ ಪಂಚಗಂಗಾವಳಿಯಾಗಿ ಸಮುದ್ರ ಕೂಡುವ ಸೀಮೆ ಇದು. ಭರತದ ನೀರು ಏರುವಾಗ ದಂಡೆಯಲ್ಲಿ ಕೂತರೆ ಅದೃಷ್ಟವಿದ್ದವನಿಗೆ ಕಾಣೆಯೋ ಕೆಂಬೇರಿಯೋ ಸಿಗುತ್ತದೆ. ಇಲ್ಲದವನಿಗೆ ಸೊಳ್ಳೆ ಕಡಿತ ಸಿಗುತ್ತದೆ.

ಈ ಸಲ ರಜೆಗೆ ಬಂದ ಮೊಮ್ಮಗ ಟಿವಿಯಲ್ಲಿ ಬೇರೆಯದೇ ಗಾಳ ನೋಡಿದ. ಸ್ಕಾಟ್ಲೆಂಡಿನ ಬೆಟ್ಟದ ನದಿಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತವನೊಬ್ಬ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದ. ಕೊಕ್ಕೆಯಲ್ಲಿ ಹುಳವಿಲ್ಲ, ಬರೀ ಹಕ್ಕಿಯ ಪುಕ್ಕ. "ಅಜ್ಜಯ್ಯ, ಪುಕ್ಕಕ್ಕೆ ಮೀನ್ ಎಂತಕೆ ಬಾಯಿ ಹಾಕತ್ತ್? ಅದಕ್ಕೆ ಗೊತ್ತಾತಿಲ್ಯಾ?" ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಟ್ರೌಟ್ ಎಂಬ ಮೀನು ಹರಿವಿಗೆ ಎದುರಾಗಿ ನಿಂತು, ನೀರಿನ ಮೇಲೆ ಬಿದ್ದು ತೇಲಿ ಬರುವ ಹುಳಗಳನ್ನು ತಿನ್ನುತ್ತದೆ. ಪುಕ್ಕ ಮತ್ತು ನೂಲನ್ನು ಕೊಕ್ಕೆಗೆ ಸುತ್ತಿ ಅಂಥದೇ ಹುಳದ ರೂಪ ಕೊಡುತ್ತಾರೆ. ಈ ಪುಕ್ಕದ ಹುಳಕ್ಕೆ ಭಾರವೇ ಇಲ್ಲ, ಎಸೆದರೆ ದೂರ ಹೋಗದು. ಅದಕ್ಕೆ ದಾರವನ್ನೇ ದಪ್ಪ ಮಾಡಿರುತ್ತಾರೆ. ಚಾವಟಿಯಂತೆ ಬೀಸಿದಾಗ ದಾರದ ಭಾರವೇ ಹುಳವನ್ನು ಹೊತ್ತೊಯ್ದು ಮೆಲ್ಲಗೆ ನೀರಿನ ಮೇಲೆ ಇಳಿಸುತ್ತದೆ. ಸದ್ದಾದರೆ ಮೀನು ಓಡಿಹೋಗುತ್ತದೆ.

"ಹಾಂಗಾರೆ ನಮ್ಮ ಹೊಳೆಗೂ ಟ್ರೌಟ್ ಬಿಡುವನಾ?" ಎಂದ ಮಾಣಿ. ಅದು ಆಗದ ಮಾತು. ಟ್ರೌಟಿಗೆ ತಣ್ಣನೆಯ ನೀರು ಬೇಕು. ಸುಮಾರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ಬ್ರಿಟಿಷರು ಅದನ್ನು ನೀಲಗಿರಿಗೂ ಮುನ್ನಾರಿಗೂ ತಂದು ಬಿಟ್ಟದ್ದು ಅಲ್ಲಿನ ಚಳಿಯನ್ನು ನಂಬಿ.

ಆದರೆ ನಮ್ಮ ಜಿಲ್ಲೆಗೂ ಈ ಗಾಳಕ್ಕೂ ಹಳೆಯ ನಂಟು ಇದೆ. ಕುಂದಾಪುರವೂ ಸೇರಿದ್ದ ಅಂದಿನ ದಕ್ಷಿಣ ಕನ್ನಡಕ್ಕೆ ಹೆನ್ರಿ ಸಲಿವನ್ ಥಾಮಸ್ ಎಂಬ ಕಲೆಕ್ಟರ್ ಇದ್ದರು. ಭಾರತದಲ್ಲಿ ಗಾಳ ಹಾಕುವವರಿಗಾಗಿ ಅವರು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ 1873ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನಲ್ಲಿ! ಅವರ ಮೆಚ್ಚಿನ ಮೀನು ಮಹಶೀರ್. ತುಳುವಿನಲ್ಲಿ ಪೆರುವೋಳ್, ದೇವಸ್ಥಾನದ ಹೊಳೆಗಳಲ್ಲಿ ದೇವರ ಮೀನು. ಗಾಳಕ್ಕೆ ಸಿಕ್ಕಾಗ ಎಳೆಯುವ ಬಲದಲ್ಲಿ ಇದು ಸಾಲ್ಮನ್ನಿಗೆ ಕಡಿಮೆಯಲ್ಲ ಎಂಬುದು ಅವರ ಅಭಿಪ್ರಾಯ. 1946ರಲ್ಲಿ ಕಾವೇರಿಯ ಉಪನದಿ ಕಬಿನಿಯಲ್ಲಿ ಗಾಳಕ್ಕೆ ಬಿದ್ದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಒಂದು ಮೂಟೆ ಅಕ್ಕಿಗಿಂತ ಹೆಚ್ಚು!

ಥಾಮಸ್ ಸಾಹೇಬರು ಬರೀ ಗಾಳದ ಮೋಜಿನವರಾಗಿರಲಿಲ್ಲ. 1870ರಷ್ಟು ಹಿಂದೆಯೇ ನಮ್ಮ ಜಿಲ್ಲೆಯ ಮೀನುಗಳ ಬಗ್ಗೆ ಸರಕಾರಕ್ಕೆ ವರದಿ ಬರೆದರು. ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೆಲ್ಲ ಬಳಿದರೆ, ಹೊಳೆಗೆ ವಿಷ ಹಾಕಿದರೆ ಮೀನು ಉಳಿಯುವುದು ಹೇಗೆ ಎಂಬುದು ಅವರ ಚಿಂತೆ. ಹೊಳೆಗೆ ತೋಟೆ ಹಾಕಬಾರದು, ವಿಷ ಬೆರೆಸಬಾರದು ಎಂಬ ಕಾನೂನು 1897ರಲ್ಲಿ ಬಂತು. ಕಾನೂನಿಗೆ ನೂರು ವರ್ಷ ತುಂಬುತ್ತಿದ್ದಾಗ, 1996ರಲ್ಲಿ, ಶಿಶಿಲದ ಕಪಿಲಾ ಹೊಳೆಗೆ ಯಾರೋ ವಿಷ ಹಾಕಿದರು. ಭಕ್ತರ ಕೈಯ ಅಕ್ಕಿ ತಿಂದು ಬೆಳೆದ ದೇವರ ಮೀನುಗಳು ರಾಶಿ ರಾಶಿಯಾಗಿ ಸತ್ತವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕವಿದೆ. ಮೀನಿಗೂ ಸ್ಮಾರಕ ಕಟ್ಟಬೇಕಾಯಿತಲ್ಲ! ಕಾವೇರಿಯ ಆ ಭಾರೀ ಮಹಶೀರ್ ಕೂಡ 2018ರಿಂದ ಅಳಿವಿನ ತುದಿಯಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಸಾಲ್ಮನ್ ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ಹುಟ್ಟಿದ ಹೊಳೆಗೇ ಮರಳುತ್ತದೆ. ಅಡ್ಡ ಬಂದ ಜಲಪಾತವನ್ನೂ ಹಾರುತ್ತದೆ. ಮಕ್ಕಳೇ, ಅದನ್ನು ನೋಡಲು ವಿಮಾನ ಹತ್ತಬೇಕಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ನಮ್ಮ ತೋಡುಗಳಲ್ಲೂ ಮೀನುಗಳು ನೀರಿಗೆ ಎದುರಾಗಿ ಗದ್ದೆಯತ್ತ ಏರುತ್ತವೆ. ಘಟ್ಟದ ಮೇಲಿನವರು ಇವನ್ನು 'ಹತ್ತುಮೀನು' ಎನ್ನುತ್ತಾರೆ. ಹೊಟ್ಟೆಯ ತುಂಬ ಮೊಟ್ಟೆ ಇರುವುದರಿಂದ ಓಡುವ ಶಕ್ತಿಯೂ ಕಡಿಮೆ. ಹಿಡಿಯುವುದು ಬಲು ಸುಲಭ. ಟಾರ್ಚ್, ಕತ್ತಿ, ಬುಟ್ಟಿ ಹಿಡಿದು ಹೊರಡುವ ಆ ರಾತ್ರಿಯ ಗಮ್ಮತ್ತು ನನ್ನ ಓರಗೆಯ ಅಜ್ಜಂದಿರಿಗೆಲ್ಲ ಗೊತ್ತು. ಆದರೆ ಆಗ ತೋಡುಗಳು ತುಂಬಿ ಹರಿಯುತ್ತಿದ್ದವು, ಗದ್ದೆಗೆ ಔಷಧಿ ಹೊಡೆಯುವವರು ಕಡಿಮೆ, ಹೊಳೆಗೆ ಕಟ್ಟೆಗಳೂ ಕಡಿಮೆ. ಈಗ ಏರುವ ಮೀನೇ ಬೆರಳೆಣಿಕೆಯಷ್ಟು.

ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಬಡ್ಡಿ ತಿಂದರೆ ಅಸಲು ಉಳಿಯುತ್ತದೆ, ಅಸಲನ್ನೇ ತಿಂದರೆ ಖಾತೆ ಮುಚ್ಚುತ್ತದೆ. ಮೊಟ್ಟೆ ಹೊತ್ತು ಏರುವ ಮೀನು ಹೊಳೆಯ ಅಸಲು. ಸಮುದ್ರದ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ ಕೊಡುವುದೂ ಇದೇ ಲೆಕ್ಕದಲ್ಲಿ. ಮನೆ ಮುಂದಿನ ತೋಡಿಗೆ ಆ ರಜೆಯನ್ನು ನಾವೇ ಕೊಡಬೇಕು.

ಅಜ್ಜಂದಿರೇ, ಮುಂದಿನ ಮಳೆಗೆ ಮೊಮ್ಮಕ್ಕಳನ್ನು ಗದ್ದೆಯ ಅಂಚಿಗೆ ಕರೆದೊಯ್ಯಿರಿ. ಟಾರ್ಚ್ ಇರಲಿ, ಕತ್ತಿ ಮನೆಯಲ್ಲೇ ಇರಲಿ. ಗಾಳ ಹಾಕುವ ಆಸೆಯಿದ್ದರೆ ಮಳೆಗಾಲ ಮುಗಿಯಲಿ. ಭರತ ಏರುವ ಹೊತ್ತು ನೋಡಿ ದಂಡೆಯಲ್ಲಿ ಕೂರಿ, ಸಣ್ಣ ಮೀನು ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು ಮೆಲ್ಲಗೆ ಕೊಕ್ಕೆ ಬಿಡಿಸಿ ನೀರಿಗೇ ಬಿಡಿ. ಒಂದೆರಡು ವರ್ಷ ಬಿಟ್ಟು ಅದೇ ಮೀನು ಬೆಳೆದು ನಿಮ್ಮ ಗಾಳಕ್ಕೇ ಸಿಗಲಿ.